ಇಲ್ಲದವರ ಪಾತಿಗೆ ನೀರು

ಕಾಲಿನ ಮೂಳೆ ಮುರಿದು ಆರು ವಾರ ಮನೆಯಲ್ಲೇ ಮಲಗಿದ್ದ ಆ ಬೇಸಿಗೆಯಲ್ಲಿ ತೋಟದ ಆಸೆಯನ್ನು ನಾನು ಮೊದಲ ವಾರವೇ ಬಿಟ್ಟುಬಿಟ್ಟಿದ್ದೆ. ಹೊರಗೆ ಬಿಸಿಲು ಹೊಡೆಯುತ್ತಿದ್ದ ಬಗೆ ನೋಡಿದರೆ, ನಾಲ್ಕು ದಿನ ನೀರು ಕಾಣದ ಟೊಮೆಟೊ ಗಿಡದ ಗತಿ ಏನಾದೀತೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳನೆಯ ವಾರ ಊರುಗೋಲು ಹಿಡಿದು ನಮ್ಮ ತೋಟಗಾರರ ಸಂಘದ ತೋಟಕ್ಕೆ ಹೋದಾಗ ನನ್ನ ಪಾತಿ ಹಸಿರಾಗಿತ್ತು. ಗಿಡಗಳು ಗೂಟಕ್ಕಿಂತ ಎತ್ತರ ಬೆಳೆದಿದ್ದವು. ಆದರೆ ಅವನ್ನು ಗೂಟಕ್ಕೆ ಕಟ್ಟಿದ್ದ ಕಟ್ಟು ನನ್ನದಲ್ಲ. ನಾನು ಸಣಬಿನ ಹುರಿಯನ್ನು ಒಂದೇ ಸುತ್ತು ಸುತ್ತಿ ಬಿಗಿದುಬಿಡುವವಳು. ಅಲ್ಲಿದ್ದದ್ದು ಹಳೆಯ ಬಟ್ಟೆಯನ್ನು ಎರಡು ಬೆರಳಿನ ಅಗಲಕ್ಕೆ ಹರಿದು ಮಾಡಿದ ಪಟ್ಟಿ. ಕಾಂಡಕ್ಕೂ ಗೂಟಕ್ಕೂ ನಡುವೆ 8ರ ಅಂಕಿಯಂತೆ ಒಂದು ತಿರುವು ಕೊಟ್ಟು, ಕಾಂಡ ದಪ್ಪವಾಗಲೆಂದು ಬೆರಳು ತೂರುವಷ್ಟು ಜಾಗ ಬಿಟ್ಟು ಗಂಟು ಹಾಕಿದ್ದರು. ಯಾರು ಕಟ್ಟಿದಿರಿ ಎಂದು ಕೇಳಿದರೆ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ. ಬಾಗಿಲ ಬಳಿಯ ಸರದಿ ಪಟ್ಟಿಯಲ್ಲಿ ನನ್ನ ಹೆಸರಿನ ಎದುರಿಗೆ ಐದು ಬೇರೆ ಬೇರೆ ಕೈಬರಹಗಳಿದ್ದವು.

ಅದಕ್ಕೂ ಮುಂಚೆ ಮೂರು ವರ್ಷ ನಾನು ಆ ಸಂಘದ ಸದಸ್ಯೆಯಾಗಿದ್ದೆ. ಶುಲ್ಕ ಕಟ್ಟಿದ್ದೆ, ಸಭೆಗಳಲ್ಲಿ ಕುಳಿತಿದ್ದೆ, ಶ್ರಮದಾನದ ದಿನಗಳಲ್ಲಿ ಮಣ್ಣು ಹೊತ್ತಿದ್ದೆ. ಆದರೂ ಸಂಘ ಎನ್ನುವುದು ಯಾತಕ್ಕೆ ಎಂದು ನನಗೆ ತಿಳಿದದ್ದು ಆ ಕೈಬರಹಗಳನ್ನು ಓದಿದ ಮೇಲೆಯೇ. ಹಾಡುವವರು ಒಂದು ತಿಂಗಳು ಹಾಡದೆ ಇರಬಹುದು, ಹೊಲಿಯುವವರು ಅರ್ಧ ಹೊಲಿದ ಬಟ್ಟೆಯನ್ನು ಮಡಿಸಿ ಇಡಬಹುದು. ತೋಟ ಮಾಡುವವರಿಗೆ ಆ ಸೌಲಭ್ಯವಿಲ್ಲ. ಗಿಡ ಕಾಯುವುದಿಲ್ಲ. ತೋಟಗಾರನ ನಿಜವಾದ ದೌರ್ಬಲ್ಯ ಅಜ್ಞಾನಕ್ಕಿಂತ ಹೆಚ್ಚಾಗಿ ಗೈರುಹಾಜರಿಯಲ್ಲಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಕಾಯಿಲೆ, ಪರೀಕ್ಷೆ, ಹೆರಿಗೆ, ವರ್ಗಾವಣೆ, ಸಾವು ಯಾವುದೂ ಬೆಳೆಯ ಕಾಲ ನೋಡಿಕೊಂಡು ಬರುವುದಿಲ್ಲ. ಒಬ್ಬರು ಇಲ್ಲದಾಗ ಇನ್ನೊಬ್ಬರು ನಿಲ್ಲುವ ಏರ್ಪಾಡನ್ನೇ ನಾವು ಸಂಘ ಎಂದು ಕರೆಯುತ್ತಿದ್ದೇವೆ. ಮಿಕ್ಕದ್ದೆಲ್ಲ ಅದರ ಸುತ್ತ ಬೆಳೆದದ್ದು.

ಇಂತಹ ಸಂಘಗಳ ಚರಿತ್ರೆಯನ್ನು ಓದಿದಾಗಲೂ ನನಗೆ ಮೊದಲು ಕಣ್ಣಿಗೆ ಬೀಳುವುದು ಈ ಇಲ್ಲದಿರುವಿಕೆಯೇ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1865ರಲ್ಲಿ ಮಕ್ಕಳಿಗಾಗಿ ಒಂದು ಆಟದ ಬಯಲನ್ನು ತೆರೆದರು. ಮಕ್ಕಳ ವ್ಯಾಯಾಮಕ್ಕೆ ಒತ್ತು ಕೊಟ್ಟಿದ್ದ ಅಲ್ಲಿನ ವೈದ್ಯ ಡಾಕ್ಟರ್ ಶ್ರೇಬರ್ ಅವರ ನೆನಪಿಗೆ ಹೆಸರಿಟ್ಟ ಆ ಬಯಲಿನ ಅಂಚಿನಲ್ಲಿ ಕಾರ್ಲ್ ಗೆಸೆಲ್ ಎಂಬ ಶಿಕ್ಷಕರು ಮಕ್ಕಳಿಗೆಂದು ಪುಟ್ಟ ಪಾತಿಗಳನ್ನು ಮಾಡಿಸಿದರು. ಮಕ್ಕಳು ಮಕ್ಕಳೇ, ಕೆಲವು ದಿನ ಉತ್ಸಾಹದಿಂದ ಅಗೆದು, ಆಮೇಲೆ ಆಟಕ್ಕೆ ಓಡಿದರು. ಕಳೆ ತುಂಬಿದ ಪಾತಿಗಳನ್ನು ನೋಡಲಾರದೆ ತಂದೆತಾಯಂದಿರೇ ಕೈಹಾಕಿದರು. ಕ್ರಮೇಣ ಅವು ಕುಟುಂಬಗಳ ತೋಟಗಳಾದವು, ಬೇಲಿ ಬಂತು, ನಿಯಮಗಳು ಬಂದವು, ಸಂಘ ಬಂತು. ಇಂದಿಗೂ ಜರ್ಮನಿಯಲ್ಲಿ ಇಂತಹ ತೋಟಗಳನ್ನು ಶ್ರೇಬರ್ ತೋಟಗಳೆಂದೇ ಕರೆಯುತ್ತಾರೆ, ಶ್ರೇಬರ್ ಅವರು ಅವುಗಳಲ್ಲಿ ಒಂದನ್ನೂ ಮಾಡಲಿಲ್ಲವಾದರೂ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದ ಆರಂಭದಲ್ಲಿ ಇಲ್ಲದೆ ಹೋದವರು ತಜ್ಞರು. ಕೃಷಿಯ ತಿಳಿವಳಿಕೆಯನ್ನು ಜನರಿಗೆ ತಲುಪಿಸುವ, ಅಲ್ಲಿನ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗಕ್ಕೆ ನಗರದ ಮನೆತೋಟದವರಿಂದ ಬರುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ಸಿಬ್ಬಂದಿ ಇರಲಿಲ್ಲ. ಡೇವಿಡ್ ಗಿಬ್ಬಿ ಮತ್ತು ಅವರ ಸಹೋದ್ಯೋಗಿಗಳು ಒಂದು ಒಪ್ಪಂದವನ್ನು ಮುಂದಿಟ್ಟರು: ನಾವು ನಿಮಗೆ ತರಬೇತಿ ಕೊಡುತ್ತೇವೆ, ಪ್ರತಿಯಾಗಿ ನೀವು ಇಷ್ಟು ಗಂಟೆ ಜನರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. 1972ರಲ್ಲಿ ಟಕೋಮಾದ ಒಂದು ಮಾಲ್‌ನಲ್ಲಿ ಮೇಜು ಹಾಕಿ ಪ್ರಯೋಗ ಮಾಡಿ ನೋಡಿದರು, 1973ರಲ್ಲಿ ತರಬೇತಿ ಶುರುವಾಯಿತು. ಅಲ್ಲಿಂದ ಹರಡಿದ್ದೇ ಮಾಸ್ಟರ್ ಗಾರ್ಡನರ್ ಪದ್ಧತಿ. ಹಣದ ಬದಲು ಗಂಟೆಗಳಲ್ಲಿ ಶುಲ್ಕ ಕಟ್ಟುವ ಈ ಲೆಕ್ಕ ನನಗೆ ತುಂಬ ಇಷ್ಟ. ಅದೇ 1973ರಲ್ಲಿ ನ್ಯೂಯಾರ್ಕ್‌ನ ಬೌರಿ ಮತ್ತು ಹ್ಯೂಸ್ಟನ್ ಬೀದಿಗಳ ಮೂಲೆಯಲ್ಲಿ ಕಸ ತುಂಬಿದ ಖಾಲಿ ನಿವೇಶನವೊಂದನ್ನು ಲಿಜ್ ಕ್ರಿಸ್ಟಿ ಮತ್ತು ಅವರ ಗೆಳೆಯರು ಸ್ವಚ್ಛಗೊಳಿಸಿ ಹೂವು ತರಕಾರಿ ಬೆಳೆಯತೊಡಗಿದರು. ಅಲ್ಲಿ ಇಲ್ಲದವರು ಜಾಗವನ್ನು ನೋಡಿಕೊಳ್ಳಬೇಕಾಗಿದ್ದವರು. ಮರುವರ್ಷ ನಗರಾಡಳಿತ ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಆ ಜಾಗವನ್ನು ಅವರಿಗೇ ಒಪ್ಪಿಸಿತು. ಆ ತೋಟ ಈಗಲೂ ಕ್ರಿಸ್ಟಿಯವರ ಹೆಸರಿನಲ್ಲಿದೆ.

ನಮ್ಮದು ಇವುಗಳ ಮುಂದೆ ಸಣ್ಣ ಸಂಘ. ಆದರೂ ತಿಂಗಳಿಗೆ ಎರಡು ಬಾರಿ ನಾವೂ ಒಂದು ಮೇಜು ಹಾಕುತ್ತೇವೆ. ಜನ ಎಲೆಗಳನ್ನು ಹೊತ್ತು ತರುತ್ತಾರೆ: ಬಾಡಿದ್ದು, ಮುದುಡಿದ್ದು, ತೂತಾದದ್ದು, ಕೆಲವೊಮ್ಮೆ ಮುಚ್ಚಳ ಬಿಗಿದ ಡಬ್ಬಿಯೊಳಗೆ ಜೀವಂತ ಹುಳುವನ್ನೂ. ಮೊದಲ ಸಲ ಆ ಮೇಜಿನ ಹಿಂದೆ ಕುಳಿತಾಗ ನಾನು ಮಾಡಿದ ತಪ್ಪೆಂದರೆ ಉತ್ತರ ಕೊಟ್ಟದ್ದು. ಹಳದಿ ಎಲೆ ತೋರಿಸಿದವರಿಗೆ ಗೊಬ್ಬರ ಸಾಲದು ಎಂದುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಮೆಲ್ಲಗೆ, "ಹಳದಿಯಾದದ್ದು ಕೆಳಗಿನ ಎಲೆಯೋ ತುದಿಯ ಎಲೆಯೋ ಅಂತ ಮೊದಲು ಕೇಳಮ್ಮ" ಎಂದರು. ಸಾರಜನಕ ಕಡಿಮೆಯಾದಾಗ ಗಿಡ ತನ್ನ ಹಳೆಯ ಎಲೆಗಳಿಂದ ಅದನ್ನು ಹಿಂದಕ್ಕೆ ಎಳೆದು ಎಳೆಯ ಎಲೆಗಳಿಗೆ ಕೊಡುತ್ತದೆ. ಹಾಗಾಗಿ ಹಳದಿ ಬುಡದಿಂದ ಏರುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದು. ಆದ್ದರಿಂದ ಅದರ ಕೊರತೆಯಲ್ಲಿ ತುದಿಯ ಎಳೆ ಎಲೆಗಳು ನರಗಳನ್ನಷ್ಟೇ ಹಸಿರಾಗಿ ಉಳಿಸಿಕೊಂಡು ಬಿಳಿಚಿಕೊಳ್ಳುತ್ತವೆ. ಇವೆರಡೂ ಅಲ್ಲದೆ, ಕುಂಡದ ತೂತು ಕಟ್ಟಿಕೊಂಡು ಬೇರು ನೀರಿನಲ್ಲೇ ನಿಂತಿದ್ದರೂ ಎಲೆ ಹಳದಿಯಾಗುತ್ತದೆ, ಆಗ ಗೊಬ್ಬರ ಸುರಿದರೆ ಗಿಡ ಬೇಗ ಸಾಯುತ್ತದೆ, ಅಷ್ಟೆ. ಆ ದಿನ ಬಂದವರ ಕುಂಡದ್ದು ಈ ಮೂರನೆಯ ಕಥೆಯಾಗಿತ್ತು.

ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎನ್ನುವ ವಾಕ್ಯವನ್ನು ಸಂಕೋಚವಿಲ್ಲದೆ ಹೇಳಲು ನಾನು ಕಲಿತದ್ದು ಆ ಮೇಜಿನಲ್ಲೇ. ಮನೆಯಲ್ಲಿ ಒಬ್ಬಳೇ ತೋಟ ಮಾಡುವಾಗ ಹಾಗೆ ಹೇಳಿಕೊಂಡರೆ ಅದು ಸೋಲು; ಸಂಘದಲ್ಲಿ ಹೇಳಿದರೆ ಮೂವರ ತಲೆಯಲ್ಲಿ ಹುಡುಕಾಟ ಶುರುವಾಗುತ್ತದೆ. ನಮ್ಮಲ್ಲಿ ಒಂದು ದಪ್ಪ ನೋಟ್‌ಬುಕ್ ಇದೆ. ಅದರಲ್ಲಿ ಗೆದ್ದ ಬೆಳೆಗಳ ವಿವರಕ್ಕಿಂತ ಕೆಟ್ಟ ಬೆಳೆಗಳ ವಿವರ ಹೆಚ್ಚು. ಯಾವ ಪಾತಿಯಲ್ಲಿ ಸೊರಗು ರೋಗ ಬಂತು, ಯಾವ ವರ್ಷ ಯಾವ ಬೀಜ ಮೊಳೆಯಲಿಲ್ಲ ಎಂಬುದೆಲ್ಲ ಅದರಲ್ಲಿದೆ. ಬದನೆ, ಟೊಮೆಟೊ, ಮೆಣಸಿನಕಾಯಿ ಗಿಡಗಳು ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಒಂದರ ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದಕ್ಕೆ ತಗಲುತ್ತದೆ. ಕಳೆದ ಮೂರು ವರ್ಷ ಆ ಪಾತಿಯಲ್ಲಿ ಏನಿತ್ತು ಎಂಬುದು ಹೊಸದಾಗಿ ಸೇರಿದವರಿಗೆ ತಿಳಿಯುವ ದಾರಿ ಆ ನೋಟ್‌ಬುಕ್ ಒಂದೇ. ಪಾತಿ ಬಿಟ್ಟುಹೋದವರ ಅನುಭವ ಅವರೊಂದಿಗೇ ಹೋಗದಂತೆ ಅದು ತಡೆಯುತ್ತದೆ.

ಆ ನೋಟ್‌ಬುಕ್‌ನ ಒಂದು ಪುಟ ನನಗೆ ಚೆನ್ನಾಗಿ ನೆನಪಿದೆ. ಒಂದು ವರ್ಷ ಕೊಟ್ಟಿಗೆ ಗೊಬ್ಬರ ಹೊರಗಿನಿಂದ ತರಿಸಿ ಹನ್ನೊಂದು ಪಾತಿಗಳಿಗೆ ಹಂಚಿದೆವು. ಎರಡು ವಾರಗಳಲ್ಲಿ ಹುರುಳಿಕಾಯಿ ಗಿಡಗಳ ಹೊಸ ಎಲೆಗಳು ಬಟ್ಟಲಿನಂತೆ ಮುದುಡಿದವು, ಟೊಮೆಟೊ ತುದಿಗಳು ಜರಿಗಿಡದ ಚಿಗುರಿನಂತೆ ಸುರುಳಿ ಸುತ್ತಿದವು. ಕೆಲವರು ಎಲೆ ಮುಟುರು ರೋಗ ಎಂದರು, ಕೆಲವರು ಗಿಡದ ಹೇನು ಹುಡುಕಿದರು. ಪಕ್ಕದ ಸಾಲಿನ ಮೆಕ್ಕೆಜೋಳ ಮಾತ್ರ ಏನೂ ಆಗದಂತೆ ನಿಂತಿತ್ತು. ಅದೇ ಸುಳಿವು ಕೊಟ್ಟಿತು. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆಗಳನ್ನು ಮಾತ್ರ ಕೊಲ್ಲಲು ಹೊಡೆಯುವ ಅಮಿನೊಪೈರಾಲಿಡ್‌ನಂತಹ ಕಳೆನಾಶಕಗಳು ಹುಲ್ಲಿನ ಜಾತಿಯನ್ನು ಮುಟ್ಟುವುದಿಲ್ಲ, ಮೆಕ್ಕೆಜೋಳವೂ ಆ ಜಾತಿಯದೇ. ಆ ಹುಲ್ಲನ್ನು ತಿಂದ ಪ್ರಾಣಿಯ ಹೊಟ್ಟೆಯಲ್ಲೂ ಅವು ಕರಗದೆ ಸಗಣಿಯ ಮೂಲಕ ಗೊಬ್ಬರಕ್ಕೆ ಬರುತ್ತವೆ. 2008ರಲ್ಲಿ ಬ್ರಿಟನ್ನಿನ ಬಾಡಿಗೆ ತೋಟಗಳಲ್ಲಿ ಇದೇ ಬಗೆಯ ಹಾನಿ ವ್ಯಾಪಕವಾಗಿ ಕಂಡುಬಂದು, ಆ ಕಳೆನಾಶಕದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಅಂದಿನಿಂದ ಹೊಸ ಗೊಬ್ಬರ ಬಂದರೆ ನಾವು ಮೊದಲು ಆರು ಕುಂಡ ಇಡುತ್ತೇವೆ. ಮೂರರಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಮೂರರಲ್ಲಿ ನಮಗೆ ಗೊತ್ತಿರುವ ಶುದ್ಧ ಮಣ್ಣು, ಎಲ್ಲದರಲ್ಲೂ ಹುರುಳಿಕಾಯಿ ಬೀಜ. ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ಕೆಳಗೆ ಬೇರೆ ಬೇರೆ ತಟ್ಟೆ. ಮೂರು ನಾಲ್ಕು ವಾರ ಕಾದು, ಮೂರನೆಯ ಎಲೆ ಬಂದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ದುಬಾರಿ ಪ್ರಯೋಗಾಲಯ ಬೇಕಿಲ್ಲ, ಆದರೆ ಮೂರು ನಾಲ್ಕು ವಾರ ತಪ್ಪದೆ ನೀರು ಹಾಕುವ ಯಾರೋ ಒಬ್ಬರು ಬೇಕು. ಮತ್ತೆ ಅದೇ ಸರದಿ ಪಟ್ಟಿ.

ಬೀಜದ ಪೆಟ್ಟಿಗೆಯ ವಿಷಯವನ್ನೂ ಹೇಳಬೇಕು. ಪ್ರತಿ ಸದಸ್ಯರೂ ತಮ್ಮ ಒಳ್ಳೆಯ ಗಿಡದ ಬೀಜ ತಂದು ಇಡಬೇಕು, ಬೇಕಾದದ್ದನ್ನು ತೆಗೆದುಕೊಳ್ಳಬೇಕು ಎಂಬ ಸರಳ ಏರ್ಪಾಡಾಗಿ ಅದು ಶುರುವಾಯಿತು. ಸರಳತೆ ಒಂದು ವರ್ಷ ಬಾಳಿತು. ಹುರುಳಿಕಾಯಿ, ಟೊಮೆಟೊ ಹೂವುಗಳು ಹೆಚ್ಚಾಗಿ ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಅವುಗಳ ಬೀಜ ನಂಬಬಹುದು. ಕುಂಬಳದ ಕುಲದ ಹೂವಿಗೆ ಜೇನ್ನೊಣ ಎಲ್ಲೆಲ್ಲಿಂದಲೋ ಪರಾಗ ತರುತ್ತದೆ. ಪೆಟ್ಟಿಗೆಯಿಂದ ಕುಂಬಳದ ಬೀಜ ಒಯ್ದು ಬಿತ್ತಿದವರೊಬ್ಬರಿಗೆ ನಾಲಿಗೆಗೆ ಇಡಲಾಗದಷ್ಟು ಕಹಿ ಕಾಯಿ ಬಿಟ್ಟಿತು. ಅಂತಹ ಕಹಿ ವಿಷಕಾರಿಯೂ ಹೌದು, ಬೇಯಿಸಿದರೂ ಹೋಗುವುದಿಲ್ಲ. ಯಾರೋ ಪಕ್ಕದಲ್ಲೇ ಅಲಂಕಾರಕ್ಕೆಂದು ಬೆಳೆದ ಬಳ್ಳಿಯೊಂದಿಗೆ ಅದು ಬೆರೆತಿರಬೇಕು. ಈಗ ಕುಂಬಳ ಜಾತಿಯ ಬೀಜವನ್ನು, ಹೂವನ್ನು ಅರಳುವ ಮುನ್ನವೇ ಕಟ್ಟಿ ಕೈಯಿಂದ ಪರಾಗ ಹಾಕಿದ್ದರೆ ಮಾತ್ರ ಪೆಟ್ಟಿಗೆಗೆ ಸೇರಿಸುತ್ತೇವೆ. ಚೀಟಿಯ ಮೇಲೆ ತಳಿಯ ಹೆಸರು, ವರ್ಷ, ತಂದವರ ಹೆಸರು ಇರಬೇಕು. ಹಳೆಯ ಬೀಜವಾದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆ ಎಂದು ನೋಡಿ ಬರೆಯಬೇಕು. ಈರುಳ್ಳಿ ಬೀಜಕ್ಕೆ ಎರಡನೆಯ ವರ್ಷವೇ ಈ ಪರೀಕ್ಷೆ.

ಈ ಪೆಟ್ಟಿಗೆಯ ಪಾರುಪತ್ಯ ಈಗ ನಮ್ಮ ಅತ್ಯಂತ ಹಿರಿಯ ಸದಸ್ಯರದು. ಮಂಡಿನೋವಿನಿಂದ ಬಗ್ಗಲಾರದೆ ಒಮ್ಮೆ ಅವರು ಪಾತಿಯನ್ನು ಬಿಟ್ಟುಕೊಡುವುದಾಗಿ ಕಾರ್ಯದರ್ಶಿಗೆ ಚೀಟಿ ಬರೆದಿದ್ದರು. ಸಭೆಯಲ್ಲಿ ಆ ಚೀಟಿಯನ್ನು ಓದಿದಾಗ ಯಾರೂ ಮಾತಾಡಲಿಲ್ಲ. ಮುಂದಿನ ಭಾನುವಾರ ನಾಲ್ವರು ಸೇರಿ ಸೊಂಟದೆತ್ತರಕ್ಕೆ ಒಂದು ಪೆಟ್ಟಿಗೆ ಪಾತಿ ಕಟ್ಟಿದರು. ಎರಡೂ ಬದಿಯಿಂದ ಕೈಗೆ ಎಟುಕುವಂತೆ ಅಗಲ ಕಡಿಮೆ, ಕುಳಿತುಕೊಂಡರೆ ಮಂಡಿ ಒಳಗೆ ಹೋಗುವಂತೆ ಕೆಳಗೆ ಜಾಗ. "ನನಗೆ ದಾಕ್ಷಿಣ್ಯಕ್ಕೆ ಮಾಡಿದಿರೇನಯ್ಯ" ಎಂದು ಅವರು ಬೈದರು. "ಇಲ್ಲ ಅಜ್ಜಿ, ಇನ್ನು ಇಪ್ಪತ್ತು ವರ್ಷಕ್ಕೆ ನಮಗೂ ಬೇಕಾಗುತ್ತಲ್ಲ" ಎಂದು ಕಟ್ಟಿದವರಲ್ಲೊಬ್ಬರು ಉತ್ತರ ಕೊಟ್ಟರು. ಈಗ ಅಂತಹ ಪಾತಿಗಳು ನಾಲ್ಕಿವೆ, ಒಂದು ಗಾಲಿಕುರ್ಚಿಯಲ್ಲಿ ಬರುವವರದು.

ಸಂಘದ ಬೇಲಿಯಾಚೆಗಿನ ಕೆಲಸಗಳಲ್ಲಿ ನಾವು ಇಷ್ಟು ಜಾಣರಾಗಿರಲಿಲ್ಲ. ನಮ್ಮ ಮೊದಲ ದೊಡ್ಡ ಯೋಜನೆ ಒಂದು ಶಾಲೆಯ ಅಂಗಳ. ಅರವತ್ತು ಸಸಿ, ನೂರಕ್ಕೂ ಹೆಚ್ಚು ಮಕ್ಕಳು, ಭಾಷಣ, ಫೋಟೊ. ಪ್ರತಿ ಸಸಿಗೂ ಒಂದು ಮಗುವಿನ ಹೆಸರು ಬರೆದ ಹಲಗೆ ನೆಟ್ಟಿದ್ದೆವು. ಮೂರು ವಾರಕ್ಕೆ ಶಾಲೆಗೆ ಬೇಸಿಗೆ ರಜೆ ಬಂತು. ರಜೆ ಬರುತ್ತದೆ ಎಂಬುದು ಪಂಚಾಂಗ ನೋಡದೆಯೂ ಎಲ್ಲರಿಗೂ ಗೊತ್ತಿದ್ದ ಸಂಗತಿ, ಆದರೆ ನಮ್ಮ ಯಾವ ಸಭೆಯ ನಡಾವಳಿಯಲ್ಲೂ ಆ ಪದ ಬಂದಿರಲಿಲ್ಲ. ಶಾಲೆ ತೆರೆದಾಗ ನಾನು ಹೋಗಿ ನೋಡಿದೆ. ಏಳು ಸಸಿಗಳು ಬದುಕಿದ್ದವು, ಎಲ್ಲವೂ ಕೈ ತೊಳೆಯುವ ನಲ್ಲಿಯ ನೀರು ಹರಿದು ಹೋಗುವ ದಾರಿಯಲ್ಲಿದ್ದವು. ಮಿಕ್ಕ ಕಡೆ ಒಣಗಿದ ಕಡ್ಡಿ, ಅದರ ಪಕ್ಕದಲ್ಲಿ ಹೆಸರಿನ ಹಲಗೆ. ಒಬ್ಬಳು ಹುಡುಗಿ ತನ್ನ ಹೆಸರಿನ ಹಲಗೆಯನ್ನು ಕಿತ್ತು ಬ್ಯಾಗಿನೊಳಗೆ ಹಾಕಿಕೊಂಡದ್ದನ್ನು ಕಂಡೆ. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಅಲ್ಲಿ ಶಾಲೆಯ ತಪ್ಪೇನೂ ಇರಲಿಲ್ಲ.

ಹೊಸ ಸಸಿ ನೆಲಕ್ಕೆ ಬೇರು ಬಿಡಲು ಒಂದೆರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಅದು ನೆಟ್ಟವರ ಕೂಸು. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಕೆಲವು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು, ಇಲ್ಲದಿದ್ದರೆ ಬೇರು ಮೇಲ್ಮಣ್ಣಿನಲ್ಲೇ ಸುಳಿದಾಡುತ್ತದೆ. ಬುಡದ ಸುತ್ತ ಒಣ ಎಲೆಯ ಹೊದಿಕೆ ಹಾಕಬೇಕು, ಆದರೆ ಕಾಂಡಕ್ಕೆ ತಾಗದಂತೆ. ಇದೆಲ್ಲ ನಮಗೆ ಬಾಯಿಪಾಠವಾಗಿತ್ತು. ನಮ್ಮ ಸ್ವಂತ ಪಾತಿಗಳಿಗೆ ಗೈರುಹಾಜರಿಯ ಪಟ್ಟಿ ಇಟ್ಟುಕೊಂಡಿದ್ದ ನಾವು, ಹೊರಗಿನ ಕೆಲಸಕ್ಕೆ ಅದನ್ನು ಒಯ್ಯಲು ಮರೆತಿದ್ದೆವು. ಈಗ ಯಾರಾದರೂ ಬಂದು ತಮ್ಮಲ್ಲಿ ತೋಟ ಮಾಡಿಕೊಡಿ ಎಂದರೆ ನಾವು ಕೇಳುವ ಮೊದಲ ಪ್ರಶ್ನೆ, ಮೂರನೆಯ ತಿಂಗಳಲ್ಲಿ ಇಲ್ಲಿ ನೀರು ಹಾಕುವವರು ಯಾರು ಎಂಬುದು. ಇಬ್ಬರ ಹೆಸರು ಬರೆದುಕೊಟ್ಟರೆ ಮಾತ್ರ ಗುದ್ದಲಿ ಎತ್ತುತ್ತೇವೆ. ಇದರಿಂದ ಹಲವು ಯೋಜನೆಗಳು ಕೈತಪ್ಪಿವೆ. ತಪ್ಪಲಿ. ಅದೇ ಶಾಲೆಯಲ್ಲಿ ಎರಡನೆಯ ಬಾರಿ ಹನ್ನೆರಡೇ ಸಸಿ ನೆಟ್ಟೆವು, ಮಳೆಗಾಲದ ಆರಂಭದಲ್ಲಿ, ನಲ್ಲಿಯ ಹತ್ತಿರ, ಭಾಷಣ ಮಾಡಿಸಲಿಲ್ಲ.

ಖಾಲಿ ಜಾಗಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ಕಟ್ಟಡ ಕೆಡವಿದ ನೆಲದಲ್ಲಿ, ವಾಹನ ದಟ್ಟಣೆಯ ರಸ್ತೆಯ ಅಂಚಿನಲ್ಲಿ, ಹಳೆಯ ಬಣ್ಣದಿಂದಲೂ ಪೆಟ್ರೋಲಿನಿಂದಲೂ ಸೇರಿದ ಸೀಸ ದಶಕಗಳ ಕಾಲ ಉಳಿದಿರುತ್ತದೆ. ಸೊಪ್ಪಿಗೆ ಅಂಟುವ ದೂಳು, ಗೆಡ್ಡೆಗೆ ಮೆತ್ತುವ ಮಣ್ಣು ಅದನ್ನು ನೇರವಾಗಿ ಬಾಯಿಗೆ ತರುತ್ತವೆ, ಮಕ್ಕಳಿಗೆ ಅಪಾಯ ಹೆಚ್ಚು. ಹತ್ತು ಹದಿನೈದು ಕಡೆ ಒಂದು ಗೇಣಿನ ಆಳದವರೆಗಿನ ಮಣ್ಣು ತೆಗೆದು, ಕಲೆಸಿ, ಪರೀಕ್ಷೆಗೆ ಕಳುಹಿಸಿ, ವರದಿ ಬರುವವರೆಗೆ ಕಾಯಬೇಕು. ಉತ್ಸಾಹದಲ್ಲಿ ಬಂದ ಸ್ವಯಂಸೇವಕರನ್ನು ಅಷ್ಟು ದಿನ ಸುಮ್ಮನೆ ಕೂರಿಸುವುದು ಸಂಘದ ಕೆಲಸಗಳಲ್ಲೇ ಅತ್ಯಂತ ಕಷ್ಟದ್ದು. ವರದಿ ಸರಿಯಿಲ್ಲದಿದ್ದರೆ ಹೊರಗಿನ ಮಣ್ಣು ತುಂಬಿದ ಎತ್ತರದ ಪಾತಿ, ಇಲ್ಲವೇ ಹೂವಿನ ಗಿಡ.

ಹೆಚ್ಚಾದ ತರಕಾರಿಯನ್ನು ಹಂಚುವ ಯೋಜನೆ ಮಾತ್ರ ಮೊದಲಿನಿಂದಲೂ ಸಲೀಸಾಗಿ ನಡೆದಿದೆ. ಅಮೆರಿಕದ ತೋಟಗಾರಿಕಾ ಬರಹಗಾರರು 1995ರಲ್ಲಿ, ಹಸಿದವರಿಗಾಗಿ ಒಂದು ಸಾಲು ಹೆಚ್ಚಿಗೆ ಬಿತ್ತಿರಿ ಎಂದು ಕರೆ ಕೊಟ್ಟಿದ್ದರು. ನಮ್ಮದೂ ಅದೇ ಲೆಕ್ಕ. ಕೊಡುವವರಿಗೆ ಅನುಕೂಲವಾದ ದಿನವಲ್ಲ, ಪಡೆಯುವ ಅಡುಗೆಮನೆಗೆ ಅನುಕೂಲವಾದ ದಿನ ಒಯ್ಯಬೇಕು ಎನ್ನುವುದೊಂದನ್ನು ಕಲಿತದ್ದು ಬಿಟ್ಟರೆ ಹೆಚ್ಚು ಹೇಳುವುದಿಲ್ಲ.

ಜಗಳಗಳು ಇಲ್ಲವೇ ಎಂದು ಕೇಳಬಹುದು. ನೀರಿಗೆ ಜಗಳವಾಗಿದೆ, ಸಲಿಕೆಯನ್ನು ತೊಳೆಯದೆ ಇಟ್ಟದ್ದಕ್ಕೆ ಆಗಿದೆ, ಒಂದು ಇಡೀ ಮಹಾಸಭೆ ಪಕ್ಕದ ಪಾತಿಗೆ ನೆರಳು ಬೀಳಿಸಿದ ಒಂದು ನುಗ್ಗೆ ಗಿಡಕ್ಕೆ ಬಲಿಯಾಗಿದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ನೀರು, ಕಾಡು, ಹುಲ್ಲುಗಾವಲುಗಳನ್ನು ತಲೆಮಾರುಗಳ ಕಾಲ ಒಟ್ಟಾಗಿ ಕಾಪಾಡಿಕೊಂಡ ಸಮುದಾಯಗಳಲ್ಲಿ ಕಂಡ ಸಂಗತಿಗಳು ನಮ್ಮ ಸಲಿಕೆಯ ಕೋಣೆಗೂ ಹೊಂದುತ್ತವೆ: ನಿಯಮವನ್ನು ಬಳಸುವವರೇ ಮಾಡಿರಬೇಕು, ನಿಗಾ ಅವರದೇ ಇರಬೇಕು, ದಂಡನೆ ಚಿಕ್ಕದರಿಂದ ಶುರುವಾಗಿ ಹಂತಹಂತವಾಗಿ ಏರಬೇಕು. ನಮ್ಮ ನಿಯಮಾವಳಿಯಲ್ಲಿ, ಪಾತಿಯನ್ನು ಒಂದು ತಿಂಗಳು ಪಾಳು ಬಿಟ್ಟವರಿಗೆ ನೋಟಿಸ್ ಕೊಡಬೇಕೆಂದು ಮೊದಲು ಬರೆದಿದ್ದರು. ಅಂತಹ ಒಂದು ನೋಟಿಸ್ ಹೋದ ಮನೆಯಲ್ಲಿ ಅದರ ಹಿಂದಿನ ವಾರವೇ ಸಾವಾಗಿತ್ತು. ನಾಚಿಕೆಯಿಂದ ನಿಯಮ ತಿದ್ದಿದೆವು. ಈಗ ಮೊದಲ ಹಂತವೆಂದರೆ ಯಾರಾದರೂ ಒಬ್ಬರು ಹೋಗಿ, ಆರೋಗ್ಯವಾಗಿದ್ದೀರಾ ಎಂದು ಕೇಳಿಕೊಂಡು ಬರುವುದು. ಕಳೆ ಬೆಳೆದ ಪಾತಿಯ ಹಿಂದೆ ಸೋಮಾರಿತನ ಇದ್ದದ್ದು ನಾನು ಕಂಡಂತೆ ಬಹಳ ಕಡಿಮೆ.

ಕೇಳದೆ ಸಹಾಯ ಮಾಡುವುದೂ ಸರಿಯಲ್ಲ ಎನ್ನುವುದನ್ನು ಕಲಿಸಿದವಳು ನಾನೇ. ಊರಿಗೆ ಹೋಗಿದ್ದ ಒಬ್ಬರ ಪಾತಿಯ ಕಳೆಯನ್ನು ಒಂದು ಮಧ್ಯಾಹ್ನವಿಡೀ ಕುಳಿತು ಕಿತ್ತು, ಬಹಳ ಸಂತೋಷದಿಂದ ಮನೆಗೆ ಬಂದಿದ್ದೆ. ನಾನು ಕಿತ್ತದ್ದರಲ್ಲಿ ಅರ್ಧ ಅವರು ಜತನದಿಂದ ಬಿತ್ತಿದ್ದ ಗಜ್ಜರಿಯ ಎಳೆ ಸಸಿ. ಅವರು ಏನೂ ಅನ್ನಲಿಲ್ಲ. ಮರುವಾರದಿಂದ ಸರದಿ ಪಟ್ಟಿಯಲ್ಲಿ ಒಂದು ಹೊಸ ಕಾಲಂ ಬಂತು: ಮುಟ್ಟಬಾರದ್ದು.

ಈ ವಾರ ಆ ಪಟ್ಟಿಯಲ್ಲಿ ಹದಿನಾಲ್ಕನೆಯ ಪಾತಿಯ ಎದುರು ನನ್ನ ಹೆಸರಿದೆ. ಅವರ ಮಗಳಿಗೆ ಹೆರಿಗೆಯಾಗಿದೆ, ಬರಲು ಎರಡು ತಿಂಗಳಾಗಬಹುದು. ಆ ಹೊಸ ಕಾಲಂನಲ್ಲಿ ಬರೆದಿದ್ದಾರೆ: ಮೂಲೆಯಲ್ಲಿ ಇರುವುದು ಕಳೆಯಂತೆ ಕಾಣುತ್ತದೆ, ಕೀಳಬೇಡಿ, ಅದು ಸಬ್ಬಸಿಗೆ; ಬಳ್ಳಿಗೆ ಎರಡು ಕ್ಯಾನು ನೀರು, ಸಂಜೆ, ಎಲೆಗೆ ತಾಗದಂತೆ. ಅವರ ಬಳ್ಳಿ ಗೂಟವನ್ನು ದಾಟಿ ಗಾಳಿಗೆ ತೂಗುತ್ತಿತ್ತು. ಚೀಲದಲ್ಲಿ ಹಳೆಯ ಬಟ್ಟೆಯ ಪಟ್ಟಿಗಳಿದ್ದವು. ಒಂದನ್ನು ತೆಗೆದು, ನಡುವೆ ಒಂದು ತಿರುವು ಕೊಟ್ಟು, ಬೆರಳು ತೂರುವಷ್ಟು ಜಾಗ ಬಿಟ್ಟು ಕಟ್ಟಿದೆ.